ಆನ್ಯೆಸ್ ಅಂಬೇರ್ ರೇಯಾನ್ ಕಾರ್ಖಾನೆಯಿಂದ ಬದುಕಿ ಬಂದದ್ದು ಹೇಗೆ

1942ರಲ್ಲಿ ಜರ್ಮನಿಯ ಕ್ರೆಫೆಲ್ಡ್ ಊರಿನಲ್ಲಿ, ಮರದ ತಿರುಳಿನಿಂದ ಕೃತಕ ರೇಷ್ಮೆ ನೂಲು ತೆಗೆಯುವ ರೇಯಾನ್ ಕಾರ್ಖಾನೆಯೊಂದರಲ್ಲಿ 47 ವರ್ಷದ ಫ್ರೆಂಚ್ ಮಹಿಳೆಯೊಬ್ಬರನ್ನು ನೂಲು ತೆಗೆಯುವ ಕೆಲಸಕ್ಕೆ ಹಚ್ಚಿದರು. ಅವರ ಹೆಸರು ಆನ್ಯೆಸ್ ಅಂಬೇರ್. ಕಲೆಯ ಇತಿಹಾಸ ಓದಿಕೊಂಡವರು. ಚಿತ್ರಕಾರ ಝಾಕ್ ಲೂಯಿ ದಾವೀದ್ ಬಗ್ಗೆ ಪುಸ್ತಕ ಬರೆದವರು. ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿ ನೌಕರಿ ಮಾಡಿಕೊಂಡಿದ್ದವರು. ಇಬ್ಬರು ದೊಡ್ಡ ಗಂಡುಮಕ್ಕಳ ತಾಯಿ. ಆ ಕಾರ್ಖಾನೆಯಲ್ಲಿ ಅವರ ಬೆರಳುಗಳು ಆಸಿಡ್ ತಗುಲಿ ಸುಟ್ಟವು. ತೊಟ್ಟ ಬಟ್ಟೆ ಮೈಮೇಲೇ ತೂತು ಬಿದ್ದು ಚಿಂದಿಯಾಯಿತು. ಕಣ್ಣು ಕಾಣದೆ ಒದ್ದಾಡುವ ದಿನಗಳು ಬಂದವು. ಆದರೂ ಅವರು ಬದುಕಿ ಮನೆಗೆ ಮರಳಿದರು.

ಎರಡನೇ ಮಹಾಯುದ್ಧದ ಬಲವಂತದ ದುಡಿಮೆ ಅಂದಕೂಡಲೇ ನಮಗೆ ಮುಳ್ಳುತಂತಿ, ಕಾವಲು ಗೋಪುರ, ಹಿಟ್ಲರನ ಎಸ್‌ಎಸ್ ಪಡೆಯ ಶಿಬಿರ ಇವೇ ನೆನಪಾಗುತ್ತವೆ, ಅಲ್ವಾ? ಆನ್ಯೆಸ್ ಅವರ ದಾರಿ ಬೇರೆ. ಅಲ್ಲಿ ಕೋರ್ಟು ಇತ್ತು, ನ್ಯಾಯಾಧೀಶರಿದ್ದರು, ತೀರ್ಪಿತ್ತು, ಸಾಮಾನ್ಯ ಅಪರಾಧಿಗಳನ್ನು ಇಡುವ ಜೈಲಿತ್ತು, ಜೈಲಿನಿಂದ ಕೆಲಸದಾಳು ಪಡೆಯುವ ಒಂದು ಕಂಪನಿ ಇತ್ತು. ಎಲ್ಲದಕ್ಕೂ ಕಾಗದ, ಎಲ್ಲದಕ್ಕೂ ಮೊಹರು. ಅವರು ಹೇಗೆ ಉಳಿದರು ಅನ್ನುವುದು ಅರ್ಥವಾಗಬೇಕಾದರೆ ಅವರ ಧೈರ್ಯವನ್ನು ಹೊಗಳಿದರೆ ಸಾಲದು, ಈ ಕಾಗದದ ದಾರಿಯನ್ನೂ ನೋಡಬೇಕು. ಯಾವ ಕಾಗದದಲ್ಲಿ ಯಾರ ಹೆಸರು ಬಿತ್ತು ಅನ್ನುವುದೇ ಎಷ್ಟೋ ಜನರ ಸಾವು ಬದುಕನ್ನು ತೀರ್ಮಾನಿಸಿತು.

ಮ್ಯೂಸಿಯಂನಲ್ಲಿ ಕೂಡಿದ ಗುಂಪು

1940ರ ಜೂನ್ 14ರಂದು ಜರ್ಮನ್ ಸೈನ್ಯ ಪ್ಯಾರಿಸ್ಸಿಗೆ ಬಂತು. ಲಕ್ಷಾಂತರ ಜನ ಊರು ಬಿಟ್ಟು ದಕ್ಷಿಣಕ್ಕೆ ಹೊರಟರು. ಆನ್ಯೆಸ್ ಕೂಡ ಲಿಮೋಜ್ ಕಡೆಯ ಹಳ್ಳಿಯಲ್ಲಿದ್ದ ತಾಯಿಯ ಹತ್ತಿರ ಹೋದರು. ಲಂಡನ್ನಿನಿಂದ ಜನರಲ್ ದ ಗಾಲ್ ಹೋರಾಟ ಮುಂದುವರಿಸಿ ಎಂದು ಕರೆ ಕೊಟ್ಟ ಸುದ್ದಿ ಅವರಿಗೆ ಸಿಕ್ಕಿದ್ದು ಅಲ್ಲೇ. ಫ್ರೆಂಚ್ ಸರ್ಕಾರದ ಮುಖ್ಯಸ್ಥ, ಮುಪ್ಪಿನ ಮಾರ್ಷಲ್ ಪೆತಾಂ ಶರಣಾಗತಿಗೆ ಒಪ್ಪಿದ್ದರು. ದೇಶದ ದೊಡ್ಡ ಭಾಗ ಸುಸ್ತಾಗಿ ಸುಮ್ನೆ ಕೂತಿತ್ತು. ಆಗಸ್ಟ್‌ನಲ್ಲಿ ಆನ್ಯೆಸ್ ಪ್ಯಾರಿಸ್ಸಿಗೆ ವಾಪಸಾದರು. ಏನಾದರೂ ಮಾಡದಿದ್ದರೆ ಹುಚ್ಚು ಹಿಡಿದೀತು ಎಂದು ಗೆಳೆಯ, ಸಾಹಿತಿ ಝಾನ್ ಕಸೂ ಅವರ ಹತ್ತಿರ ಹೇಳಿಕೊಂಡರು.

ಕಸೂ, ಕ್ಲೋದ್ ಅವ್ಲೀನ್, ಮಾರ್ಸೆಲ್ ಅಬ್ರಾಮ್ ಮೊದಲಾದ ಕೆಲವರು ಸೇರಿದರು. ನೋಡುವವರಿಗೆ ಅದೊಂದು ಸಾಹಿತ್ಯ ಸಂಘ. ಕಾದಂಬರಿಕಾರ ಅಲೆಂ ಫೂರ್ನಿಯೆ ಅಭಿಮಾನಿಗಳ ಬಳಗ ಎಂದು ಹೆಸರಿಟ್ಟುಕೊಂಡಿದ್ದರು. ಒಳಗೆ ನಡೆಯುತ್ತಿದ್ದದ್ದು ಕರಪತ್ರದ ಕೆಲಸ. ಆನ್ಯೆಸ್ ಕೆಲಸ ಮಾಡುತ್ತಿದ್ದ ಜನಪದ ಕಲೆಗಳ ಮ್ಯೂಸಿಯಂ ಇದ್ದ ಶಾಯೋ ಅರಮನೆಯಲ್ಲೇ ಮುಸೇ ದ ಲೋಮ್ ಎಂಬ ಮಾನವಶಾಸ್ತ್ರ ಮ್ಯೂಸಿಯಂ ಕೂಡ ಇತ್ತು. ಅಲ್ಲಿ ಇನ್ನೊಂದು ಗುಂಪು ಆಗಲೇ ಹುಟ್ಟಿಕೊಂಡಿತ್ತು. ಭಾಷಾ ಸಂಶೋಧಕ ಬೋರಿಸ್ ವಿಲ್ಡೆ, ಮಾನವಶಾಸ್ತ್ರಜ್ಞ ಅನಾತೋಲ್ ಲೆವಿಟ್ಸ್ಕಿ, ಗ್ರಂಥಪಾಲಕಿ ಇವೋನ್ ಓಡೋನ್ ಅದರ ಮುಂದಾಳುಗಳು. ವಿಲ್ಡೆ, ಲೆವಿಟ್ಸ್ಕಿ ಇಬ್ಬರೂ ರಷ್ಯಾದಲ್ಲಿ ಹುಟ್ಟಿ ಫ್ರಾನ್ಸಿನ ಪೌರರಾದವರು. ಎರಡೂ ಗುಂಪು ಕೂಡಿಕೊಂಡವು.

ಸಿಕ್ಕಿಬಿದ್ದ ಬ್ರಿಟಿಷ್ ಸೈನಿಕರನ್ನು ಗಡಿ ದಾಟಿಸುವುದು, ಜರ್ಮನ್ ಸೇನೆಯ ಬಗ್ಗೆ ಮಾಹಿತಿ ಕೂಡಿಸುವುದು, ಒಂದು ಪತ್ರಿಕೆ ತರುವುದು, ಇವು ಅವರ ಕೆಲಸ. ಪತ್ರಿಕೆಯ ಹೆಸರು 'ರೆಸಿಸ್ತಾಂಸ್', ಅಂದರೆ ಪ್ರತಿರೋಧ. ಮೊದಲ ಸಂಚಿಕೆಯ ಮೇಲಿನ ತಾರೀಖು 1940ರ ಡಿಸೆಂಬರ್ 15. ಬರಹಗಾರರು ಲೇಖನ ಕೊಟ್ಟರೆ ಆನ್ಯೆಸ್ ಅದನ್ನು ಟೈಪ್ ಮಾಡುತ್ತಿದ್ದರು. ಮ್ಯೂಸಿಯಂನಲ್ಲಿದ್ದ ರೋನಿಯೋ ಯಂತ್ರದಲ್ಲಿ ಪ್ರತಿ ತೆಗೆಯುತ್ತಿದ್ದರು. ಗುಪ್ತ ಕೆಲಸದ ಅನುಭವ ಇವರಲ್ಲಿ ಯಾರಿಗೂ ಇರಲಿಲ್ಲ. ಪುಸ್ತಕ, ಮ್ಯೂಸಿಯಂ, ಪಾಠ ಇವುಗಳ ನಡುವೆ ಬೆಳೆದವರು. ನನ್ನ ಮಟ್ಟಿಗೆ ಇವರ ದೊಡ್ಡತನ ಇರುವುದು ಅವಸರ ಮಾಡಿದ್ದರಲ್ಲಿ. ಫ್ರಾನ್ಸಿನಲ್ಲಿ ಸಂಘಟಿತ ಪ್ರತಿರೋಧ ಅನ್ನುವುದು ಇನ್ನೂ ಕಣ್ಣು ಬಿಡುವ ಹೊತ್ತಿಗೇ ಇವರು ಪತ್ರಿಕೆ ಹೊರಡಿಸಿಬಿಟ್ಟಿದ್ದರು.

ಅವರನ್ನು ಕೆಡವಿದ್ದು ಒಳಗಿನ ಮನುಷ್ಯ. ವಿಲ್ಡೆಗೆ ಬಲಗೈಯಂತಿದ್ದ ಆಲ್ಬೇರ್ ಗವೋ ಜರ್ಮನ್ನರಿಗೆ ಸುದ್ದಿ ಮುಟ್ಟಿಸುತ್ತಿದ್ದ. 1941ರ ಫೆಬ್ರವರಿಯಲ್ಲಿ ಲೆವಿಟ್ಸ್ಕಿ, ಓಡೋನ್ ಸಿಕ್ಕಿಬಿದ್ದರು. ಮಾರ್ಚ್‌ನಲ್ಲಿ ವಿಲ್ಡೆ. ಏಪ್ರಿಲ್ 15ರಂದು ಆನ್ಯೆಸ್. ಆಸ್ಪತ್ರೆಯಲ್ಲಿ ಮಲಗಿದ್ದ ತಾಯಿಯ ಪಕ್ಕದಲ್ಲಿ ಇದ್ದಾಗಲೇ ಅವರನ್ನು ಹಿಡಿದರು.

ಆಮೇಲೆ ಪ್ಯಾರಿಸ್ಸಿನ ಜೈಲುಗಳು. ಶೆರ್ಷ್ ಮಿದಿ, ಲಾ ಸಾಂತೆ, ಫ್ರೇನ್. ವಿಚಾರಣೆ ಶುರುವಾಗಿದ್ದು 1942ರ ಜನವರಿಯಲ್ಲಿ, ಜರ್ಮನ್ ಸೇನಾ ನ್ಯಾಯಾಲಯದಲ್ಲಿ. ಫೆಬ್ರವರಿ 17ರಂದು ತೀರ್ಪು. ಹತ್ತು ಜನರಿಗೆ ಮರಣದಂಡನೆ. ಅವರಲ್ಲಿ ಏಳು ಗಂಡಸರನ್ನು ಫೆಬ್ರವರಿ 23ರಂದು ಮೋಂ ವಲೇರಿಯೆಂ ಕೋಟೆಯಲ್ಲಿ ಗುಂಡಿಕ್ಕಿ ಕೊಂದರು. ವಿಲ್ಡೆ, ಲೆವಿಟ್ಸ್ಕಿ ಇಬ್ಬರೂ ಆ ಏಳರಲ್ಲಿದ್ದರು. ಓಡೋನ್ ಸೇರಿ ಮೂವರು ಹೆಂಗಸರ ಮರಣದಂಡನೆಯನ್ನು ಬದಲಿಸಿ ಜರ್ಮನಿಗೆ ಸಾಗಿಸಲು ಆದೇಶವಾಯಿತು. ಆನ್ಯೆಸ್ ಅವರಿಗೆ ಐದು ವರ್ಷದ ಸಜೆ.

ಒಂದೇ ಅಪರಾಧ, ಬೇರೆ ಬೇರೆ ಕಡತ

ಇಲ್ಲಿಂದ ವಿಷಯ ಸ್ವಲ್ಪ ಜಟಿಲ. ನಾಜಿ ಜರ್ಮನಿಯಲ್ಲಿ ಜನರನ್ನು ಕೂಡಿಹಾಕುವ ವ್ಯವಸ್ಥೆ ಒಂದೇ ಇರಲಿಲ್ಲ. ಒಂದು ಕಡೆ ಎಸ್‌ಎಸ್ ನಡೆಸುವ ಶಿಬಿರಗಳು. ಅಲ್ಲಿಗೆ ಹೋಗಲು ತೀರ್ಪು ಬೇಕಿರಲಿಲ್ಲ, ಬಿಡುಗಡೆಯ ತಾರೀಖೂ ಇರುತ್ತಿರಲಿಲ್ಲ. ಇನ್ನೊಂದು ಕಡೆ ನ್ಯಾಯಾಂಗ ಇಲಾಖೆಯ ಜೈಲುಗಳು. ಅವು ಹಿಟ್ಲರ್ ಬರುವುದಕ್ಕೆ ಮುಂಚೆಯೂ ಇದ್ದವು. ಅವುಗಳಲ್ಲೇ ಹೆಚ್ಚು ಕಠಿಣವಾದ ಒಂದು ಬಗೆಗೆ ತ್ಸುಖ್ತ್‌ಹೌಸ್ ಎನ್ನುತ್ತಿದ್ದರು. ಅಲ್ಲಿ ಸಜೆ ಅಂದರೆ ಕಠಿಣ ದುಡಿಮೆ ಸೇರಿಯೇ ಸಜೆ. ಕಳ್ಳತನ, ಕೊಲೆ, ಮೋಸದಲ್ಲಿ ಸಿಕ್ಕ ಹೆಂಗಸರೂ ರಾಜಕೀಯ ಖೈದಿಗಳೂ ಒಂದೇ ಕಡೆ. ಆನ್ಯೆಸ್ ಅವರನ್ನು 1942ರ ಮಾರ್ಚ್‌ನಲ್ಲಿ ಕಳಿಸಿದ್ದು ಇಂಥದ್ದೇ ಜೈಲಿಗೆ, ಕ್ರೆಫೆಲ್ಡ್ ಪಕ್ಕದ ಆನ್ರಾತ್‌ಗೆ.

ಮೂರನೇ ದಾರಿ ಎಲ್ಲಕ್ಕಿಂತ ಕತ್ತಲೆಯದು. 1941ರ ಡಿಸೆಂಬರ್ 7ರಂದು 'ರಾತ್ರಿ ಮತ್ತು ಮಂಜು' ಎಂಬ ಹೆಸರಿನ ಆದೇಶ ಹೊರಟಿತು. ಸಹಿ ಮಾಡಿದ್ದು ಫೀಲ್ಡ್ ಮಾರ್ಷಲ್ ಕೈಟೆಲ್. ಆಕ್ರಮಿತ ದೇಶಗಳಲ್ಲಿ ಪ್ರತಿರೋಧ ತೋರಿದವರನ್ನು ಅಲ್ಲೇ ಬೇಗ ಕೊಲ್ಲಲು ಆಗದಿದ್ದರೆ ಜರ್ಮನಿಗೆ ಸಾಗಿಸಿ ಮಾಯ ಮಾಡಿಬಿಡಬೇಕು. ಅವರು ಎಲ್ಲಿದ್ದಾರೆ, ಬದುಕಿದ್ದಾರೋ ಸತ್ತಿದ್ದಾರೋ ಅನ್ನುವುದು ಮನೆಯವರಿಗೆ ಗೊತ್ತಾಗಬಾರದು. ಪತ್ರವಿಲ್ಲ, ಪಾರ್ಸೆಲ್ ಇಲ್ಲ. ಹೆದರಿಕೆ ಹುಟ್ಟಿಸಲು ಸಾವಿಗಿಂತ ಅನಿಶ್ಚಿತತೆ ಒಳ್ಳೆಯದು ಎಂಬುದು ಇದರ ಹಿಂದಿನ ಲೆಕ್ಕ.

ಅದೇ ಮ್ಯೂಸಿಯಂ ಜಾಲದ ಉಳಿದ ತುಣುಕುಗಳನ್ನು ಹಿಡಿದು ಮುಂದೆ ನಡೆಸಿದವರು ಜೆರ್ಮೇನ್ ತೀಯೋಂ. ಅಲ್ಜೀರಿಯಾದ ಬೆಟ್ಟಗಳಲ್ಲಿ ಸಂಶೋಧನೆ ಮಾಡಿದ್ದ ಮಾನವಶಾಸ್ತ್ರಜ್ಞೆ. 1942ರ ಆಗಸ್ಟ್‌ನಲ್ಲಿ ಒಬ್ಬ ಪಾದ್ರಿಯ ದ್ರೋಹದಿಂದ ಸಿಕ್ಕಿಬಿದ್ದರು. ಅವರನ್ನು ಈ ಮೂರನೇ ದಾರಿಗೆ ಹಾಕಿ, 1943ರ ಅಕ್ಟೋಬರ್‌ನಲ್ಲಿ ಬರ್ಲಿನ್ನಿನ ಉತ್ತರಕ್ಕಿರುವ ರಾವೆನ್ಸ್‌ಬ್ರೂಕ್ ಮಹಿಳಾ ಶಿಬಿರಕ್ಕೆ ಸಾಗಿಸಿದರು. ಅವರ ತಾಯಿ ಎಮಿಲಿಯನ್ನೂ ಅದೇ ಶಿಬಿರಕ್ಕೆ ತಂದರು. 1945ರ ಮಾರ್ಚ್‌ನಲ್ಲಿ ಅಲ್ಲಿ ವಿಷಾನಿಲ ಕೊಟ್ಟು ಕೊಂದರು. ತೀಯೋಂ ಉಳಿದರು. ಟಿಪ್ಪು ಸುಲ್ತಾನ್ ವಂಶದ ನೂರ್ ಇನಾಯತ್ ಖಾನ್ ಹೆಸರು ನಮ್ಮಲ್ಲಿ ಅನೇಕರಿಗೆ ಗೊತ್ತು. ಪ್ಯಾರಿಸ್ಸಿನಲ್ಲಿ ಬ್ರಿಟಿಷರ ಗುಪ್ತ ವೈರ್‌ಲೆಸ್ ನಡೆಸುತ್ತಿದ್ದ ನೂರ್ ಕೂಡ ಇದೇ 'ರಾತ್ರಿ ಮತ್ತು ಮಂಜು' ಖೈದಿಗಳ ಸಾಲಿಗೆ ಸೇರಿದ್ದರು. ಫೋರ್ಟ್ಸ್‌ಹೈಮ್ ಜೈಲಿನಲ್ಲಿ ತಿಂಗಳುಗಟ್ಟಲೆ ಸರಪಳಿಯಲ್ಲಿ ಒಂಟಿಯಾಗಿ ಇಟ್ಟು, 1944ರ ಸೆಪ್ಟೆಂಬರ್ 13ರಂದು ಡಾಖಾವ್‌ನಲ್ಲಿ ಗುಂಡು ಹೊಡೆದರು.

ಇವರೆಲ್ಲ ಮಾಡಿದ್ದು ಆಕ್ರಮಣಕಾರರ ವಿರುದ್ಧ ಕೆಲಸ. ಆದರೆ ಯಾವ ತಿಂಗಳು ಹಿಡಿದರು, ಯಾವ ಇಲಾಖೆ ಕಡತ ತೆರೆಯಿತು ಅನ್ನುವುದರ ಮೇಲೆ ಹಣೆಬರಹ ಬೇರೆಯಾಯಿತು. ಆನ್ಯೆಸ್ ಸಿಕ್ಕಿಬಿದ್ದಾಗ ಆ ಆದೇಶ ಇನ್ನೂ ಬಂದಿರಲಿಲ್ಲ. ಅವರ ಗುಂಪನ್ನು ತೀರ್ಪು ಕೊಟ್ಟೇ ಶಿಕ್ಷಿಸಿದರು. ಐದು ವರ್ಷ ಎಂದು ಬರೆದ ಒಂದು ಕಾಗದ ಅವರ ಜೊತೆ ಪ್ರಯಾಣ ಮಾಡಿತು.

ಆ ಸಂಖ್ಯೆಯೂ ಮುಖ್ಯ, ದೇಶವೂ ಮುಖ್ಯ. 1942ರ ಸೆಪ್ಟೆಂಬರ್ 18ರಂದು ನ್ಯಾಯ ಮಂತ್ರಿ ಥೀರಾಕ್ ಮತ್ತು ಎಸ್‌ಎಸ್ ಮುಖ್ಯಸ್ಥ ಹಿಮ್ಲರ್ ಒಂದು ಒಪ್ಪಂದಕ್ಕೆ ಬಂದರು. ಜೈಲುಗಳಲ್ಲಿರುವ ಕೆಲವು ಬಗೆಯ ಖೈದಿಗಳನ್ನು ಎಸ್‌ಎಸ್‌ಗೆ ಒಪ್ಪಿಸುವುದು, ಅವರನ್ನು ದುಡಿಸಿ ದುಡಿಸಿಯೇ ಸಾಯಿಸುವುದು. ಇದು ನನ್ನ ವ್ಯಾಖ್ಯಾನವಲ್ಲ, ಅವರ ದಾಖಲೆಯಲ್ಲೇ ಈ ಉದ್ದೇಶ ಹಾಗೇ ಬರೆದಿದೆ. ಪಟ್ಟಿಯಲ್ಲಿ ಯೆಹೂದಿ, ರೋಮಾ (ಜಿಪ್ಸಿ), ರಷ್ಯನ್, ಉಕ್ರೇನಿಯನ್ ಖೈದಿಗಳೆಲ್ಲ ಇದ್ದರು. ಪೋಲೆಂಡಿನವರಾದರೆ ಮೂರು ವರ್ಷಕ್ಕಿಂತ ಜಾಸ್ತಿ ಸಜೆ ಇದ್ದವರು. ಜರ್ಮನ್ನರು, ಚೆಕ್ಕರಾದರೆ ಎಂಟು ವರ್ಷ ಮೀರಿದವರು. ಫ್ರೆಂಚ್ ಪೌರಳಾದ ಆನ್ಯೆಸ್ ಈ ಯಾವ ಸಾಲಿಗೂ ಬರಲಿಲ್ಲ. ಅದೇ ಐದು ವರ್ಷದ ಸಜೆ ಪೋಲೆಂಡಿನ ಹೆಂಗಸೊಬ್ಬಳಿಗೆ ಆಗಿದ್ದರೆ ಅವಳ ಹೆಸರು ಪಟ್ಟಿಯಲ್ಲಿ ಇರುತ್ತಿತ್ತು. ಇದನ್ನು ಓದಿದಾಗ ನನಗೆ ಮೈ ಜುಂ ಎಂದಿತು. ಬದುಕಿ ಬಂದವರ ಕತೆ ಹೇಳುವಾಗ ಈ ಭಾಗವನ್ನು ನಾವು ಬಿಟ್ಟುಬಿಡುತ್ತೇವೆ.

ರೇಯಾನ್ ಯಾಕೆ, ಅದರಲ್ಲಿ ಅಪಾಯ ಎಲ್ಲಿದೆ

ಜರ್ಮನಿಯಲ್ಲಿ ಹತ್ತಿ ಬೆಳೆಯುವುದಿಲ್ಲ. ಹೊರಗಿನಿಂದ ತರಿಸಬೇಕು. ಯುದ್ಧವಾದರೆ ಬ್ರಿಟನ್ ಸಮುದ್ರ ದಾರಿ ಮುಚ್ಚುತ್ತದೆ ಅನ್ನುವುದು ಮೊದಲ ಮಹಾಯುದ್ಧದಲ್ಲೇ ಕಲಿತ ಪಾಠ. ಅದಕ್ಕೇ 1936ರ ನಾಲ್ಕು ವರ್ಷದ ಯೋಜನೆಯಲ್ಲಿ ಹತ್ತಿಗೆ, ಉಣ್ಣೆಗೆ ಬದಲಾಗಿ ಮರದಿಂದ ತೆಗೆದ ನೂಲಿಗೆ ದೊಡ್ಡ ಒತ್ತು ಕೊಟ್ಟರು. ಕ್ರೆಫೆಲ್ಡ್ ಹಳೆಯ ಕಾಲದಿಂದ ರೇಷ್ಮೆ ನೇಯ್ಗೆಗೆ ಹೆಸರಾದ ಊರು. ಅಲ್ಲಿ ಫ್ರಿಕ್ಸ್ ಕಂಪನಿಯ ರೇಯಾನ್ ಕಾರ್ಖಾನೆ ನಡೆಯುತ್ತಿತ್ತು.

ರೇಯಾನ್ ನಮಗೂ ಹೊಸದಲ್ಲ. ಆರ್ಟ್ ಸಿಲ್ಕ್ ಸೀರೆ ಎಂದು ನಮ್ಮ ಅಜ್ಜಿಯರ ಕಾಲದಲ್ಲಿ ಸಿಗುತ್ತಿದ್ದದ್ದು ಹೆಚ್ಚಾಗಿ ಇದೇ ನೂಲು. ಹರಿಹರದ ಹತ್ತಿರ ತುಂಗಭದ್ರೆಯ ದಂಡೆಯಲ್ಲಿರುವ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ನೀಲಗಿರಿ ಮರದಿಂದ ತಯಾರಾಗುವ ತಿರುಳು ಕೂಡ ರೇಯಾನ್ ನೂಲಿಗೇ ಹೋಗುತ್ತದೆ.

ಮರದ ತಿರುಳನ್ನು ಮೊದಲು ಕಾಸ್ಟಿಕ್ ಸೋಡಾದಲ್ಲಿ ನೆನೆಸುತ್ತಾರೆ. ಆಮೇಲೆ ಕಾರ್ಬನ್ ಡೈಸಲ್ಫೈಡ್ ಎಂಬ ದ್ರವದ ಜೊತೆ ಕಲಸುತ್ತಾರೆ. ಮತ್ತೆ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿದರೆ ಜೇನಿನ ಬಣ್ಣದ ಅಂಟು ರಸ ಸಿಗುತ್ತದೆ. ಅದರ ಹೆಸರು ವಿಸ್ಕೋಸ್. ಈ ರಸವನ್ನು ತೀರಾ ಸಣ್ಣ ತೂತುಗಳ ಮೂತಿಯಿಂದ ಸಲ್ಫ್ಯೂರಿಕ್ ಆಸಿಡ್ ತೊಟ್ಟಿಯೊಳಗೆ ಒತ್ತುತ್ತಾರೆ. ಒರಳಿನಿಂದ ಶಾವಿಗೆ ಇಳಿಯುವ ಹಾಗೆ ಎಳೆಗಳು ಇಳಿದು, ಆಸಿಡ್ ತಾಗಿದೊಡನೆ ಗಟ್ಟಿಯಾಗುತ್ತವೆ. ನೂಲು ತೆಗೆಯುವವರ ಕೆಲಸ ಆ ಎಳೆಗಳನ್ನು ಹಿಡಿದು ಮೇಲಿನ ಚಕ್ರಕ್ಕೆ ಸೇರಿಸುವುದು, ಕಡಿದಾಗ ಮತ್ತೆ ಹುಡುಕಿ ಹಿಡಿಯುವುದು, ಮೂತಿ ಕಟ್ಟಿಕೊಂಡಾಗ ಬದಲಿಸುವುದು. ಕೈ ಇರುವುದು ಆಸಿಡ್ಡಿನ ಹತ್ತಿರವೇ. ಸರಿಯಾದ ಕೈಗವಸು ಇಲ್ಲದಿದ್ದರೆ ಬೆರಳ ಚರ್ಮ ಉಳಿಯುವುದಿಲ್ಲ. ಆಸಿಡ್ ಹನಿಗಳು ಬಟ್ಟೆ ತಿನ್ನುತ್ತವೆ. ಖೈದಿಗಳಿಗೆ ಬದಲಿ ಬಟ್ಟೆ ಕೊಡುವವರು ಯಾರು?

ಕೈಗಿಂತ ಕೆಟ್ಟದ್ದು ಗಾಳಿ. ವಿಸ್ಕೋಸ್ ಆಸಿಡ್‌ಗೆ ಬಿದ್ದಾಗ ಎರಡು ಅನಿಲ ಏಳುತ್ತವೆ. ಒಂದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯದು. ಇನ್ನೊಂದು ಮೊದಲೇ ಹೇಳಿದ ಕಾರ್ಬನ್ ಡೈಸಲ್ಫೈಡ್. ಮೊದಲನೆಯದು ಕಣ್ಣಿನ ಮೇಲ್ಪದರವನ್ನು ಕೆರಳಿಸುತ್ತದೆ. ಕಣ್ಣಿಗೆ ಮರಳು ತೂರಿದ ಹಾಗೆ ಉರಿ, ಸುರಿಯುವ ನೀರು, ದೀಪ ನೋಡಿದರೆ ಸುತ್ತ ಬಣ್ಣದ ಬಳೆ, ಕೊನೆಗೆ ರೆಪ್ಪೆ ತೆರೆಯಲೇ ಆಗದ ಸ್ಥಿತಿ. ಆ ಜಾಗದಿಂದ ದೂರ ಇಟ್ಟರೆ ಕೆಲವೇ ದಿನದಲ್ಲಿ ವಾಸಿಯಾಗುತ್ತದೆ. ಮತ್ತೆ ಯಂತ್ರದ ಮುಂದೆ ನಿಲ್ಲಿಸಿದರೆ ಮತ್ತೆ ಬರುತ್ತದೆ. ಆನ್ಯೆಸ್ ಮತ್ತು ಜೊತೆಯವರು ಅನುಭವಿಸಿದ ಕುರುಡುತನ ಇದೇ. ಎರಡನೆಯ ಅನಿಲ ನಿಧಾನವಾಗಿ ನರಗಳನ್ನು, ಮನಸ್ಸನ್ನು ಕೆಡಿಸುತ್ತದೆ. ಕೈಕಾಲು ಜೋಮು ಹಿಡಿಯುವುದು, ಕೆಟ್ಟ ಕನಸು, ವಿಪರೀತ ಸಿಟ್ಟು, ಕೆಲವರಿಗೆ ಬುದ್ಧಿಭ್ರಮಣೆ.

ಆಗ ಇದೆಲ್ಲ ಯಾರಿಗೂ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಾರ್ಬನ್ ಡೈಸಲ್ಫೈಡ್ ರಬ್ಬರ್ ಕಾರ್ಮಿಕರನ್ನು ಹೇಗೆ ಹಾಳು ಮಾಡುತ್ತದೆ ಎಂದು ಪ್ಯಾರಿಸ್ಸಿನ ವೈದ್ಯ ಓಗುಸ್ತ್ ಡೆಲ್ಪೆಷ್ 1856ರಲ್ಲೇ ಬರೆದಿದ್ದರು. 1930ರ ದಶಕದಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅಲ್ಲಿನ ರೇಯಾನ್ ಕಾರ್ಮಿಕರನ್ನು ಪರೀಕ್ಷಿಸುವ ಕೆಲಸ ನಡೆಸಿದ್ದರು. ಗಾಳಿ ಎಳೆದು ಹೊರಹಾಕುವ ಫ್ಯಾನು, ಯಂತ್ರಕ್ಕೆ ಮುಚ್ಚಳ, ಪಾಳಿ ಬದಲಾವಣೆ, ಕೈಗವಸು, ಕಣ್ಣಿಗೆ ಆರೈಕೆ, ಇವೆಲ್ಲ ಗೊತ್ತಿದ್ದ ಉಪಾಯಗಳೇ. ಸಂಬಳದ ಆಳು ಬೇಸತ್ತರೆ ಕೆಲಸ ಬಿಟ್ಟು ಹೋಗುತ್ತಾನೆ, ಆದ್ದರಿಂದ ಅವನಿಗೆ ಸ್ವಲ್ಪವಾದರೂ ಖರ್ಚು ಮಾಡಬೇಕಾಗುತ್ತದೆ. ಖೈದಿಗೆ ಹೋಗುವ ದಾರಿಯೇ ಇಲ್ಲ. ಹನ್ನೆರಡು ಗಂಟೆಯ ಪಾಳಿಗೆ ಅವಳನ್ನು ನಿಲ್ಲಿಸಬಹುದು.

ದುಡ್ಡಿನ ಲೆಕ್ಕ ಸರಳ. ಖೈದಿಗಳನ್ನು ಪಡೆಯುವ ಕಂಪನಿ ತಲೆಗೆ ಇಷ್ಟು ಎಂದು ಸರ್ಕಾರಕ್ಕೆ ಕಟ್ಟುತ್ತಿತ್ತು. ದುಡಿದವಳ ಕೈಗೆ ಸಂಬಳ ಎನ್ನುವಂಥದ್ದು ಬರುತ್ತಿರಲಿಲ್ಲ. ಜೈಲಿಗೆ ಆದಾಯ, ಕಂಪನಿಗೆ ಅಗ್ಗದ ಆಳು. 1942ರ ಹೊತ್ತಿಗೆ ಜರ್ಮನ್ ಗಂಡಸರು ರಷ್ಯಾದ ರಣರಂಗದಲ್ಲಿದ್ದರು, ಕಾರ್ಖಾನೆಗಳಲ್ಲಿ ಕೈಗಳ ಬರ. ಆನ್ಯೆಸ್ ಜರ್ಮನಿಗೆ ಬಂದ ಅದೇ ಮಾರ್ಚ್‌ನಲ್ಲಿ ಹಿಟ್ಲರ್ ಫ್ರಿಟ್ಸ್ ಸೌಕೆಲ್ ಎಂಬಾತನನ್ನು ಯೂರೋಪಿನಾದ್ಯಂತ ಆಳು ಕೂಡಿಸುವ ಕೆಲಸಕ್ಕೆ ನೇಮಿಸಿದ. 1944ರ ಆಗಸ್ಟ್ ಹೊತ್ತಿಗೆ ಜರ್ಮನಿಯಲ್ಲಿ ಸುಮಾರು 76 ಲಕ್ಷ ವಿದೇಶಿ ನಾಗರಿಕರು ಮತ್ತು ಯುದ್ಧಖೈದಿಗಳು ದುಡಿಯುತ್ತಿದ್ದರು. ಅವರಲ್ಲಿ ಹೆಚ್ಚಿನವರು ಬಲವಂತಕ್ಕೆ ಬಂದವರು. ಯುದ್ಧದ ನಂತರ ನಾಜಿ ಮುಖಂಡರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಾಲಯದ ತೀರ್ಪಿನಂತೆ ಸೌಕೆಲ್‌ನನ್ನು 1946ರಲ್ಲಿ ಗಲ್ಲಿಗೆ ಹಾಕಿದರು.

ಹಾಗಾದರೆ ಉಳಿದದ್ದು ಹೇಗೆ

ಮನಸ್ಸು ಗಟ್ಟಿ ಇದ್ದರೆ ಏನನ್ನೂ ಗೆಲ್ಲಬಹುದು ಎಂಬ ಮಾತನ್ನು ಇಂಥ ಕತೆಗಳಿಗೆ ಅಂಟಿಸುವುದು ನನಗೆ ಇಷ್ಟವಿಲ್ಲ. ಮನಸ್ಸು ಗಟ್ಟಿ ಇದ್ದವರೇ ಸಾವಿರಾರು ಜನ ಸತ್ತರು. ವಿಲ್ಡೆಯ ಮನಸ್ಸು ಕಡಿಮೆ ಗಟ್ಟಿಯಾಗಿತ್ತೇ? ನೂರ್ ಮನಸ್ಸು? ಉಳಿವಿಗೆ ಬೇರೆ ಬೇರೆ ಎಳೆಗಳು ಬೇಕಾದವು. ಮೊದಲನೆಯದು ಆ ಕಡತ, ಮೇಲೆ ಹೇಳಿದ್ದೇನೆ. ಅವರು ಇದ್ದದ್ದು ಭಯಾನಕ ಜೈಲು ಹೌದು. ಆದರೆ ಖೈದಿಗಳನ್ನು ಸಾಯಿಸುವುದೇ ಅದರ ಗುರಿಯಾಗಿರಲಿಲ್ಲ. ಕಣ್ಣಿನ ಕಾಯಿಲೆ ವಾಸಿಯಾಗಬಲ್ಲದ್ದಾಗಿತ್ತು ಅನ್ನುವುದೂ ಅದೃಷ್ಟವೇ.

ಜೊತೆಗಿದ್ದ ಹೆಂಗಸರು ಇನ್ನೊಂದು ಎಳೆ. ಆನ್ಯೆಸ್ ತಮ್ಮ ನೆನಪುಗಳಲ್ಲಿ ಅವರಿಗೆ ಕೊಟ್ಟ ಜಾಗ ದೊಡ್ಡದು. ಫ್ರೆಂಚ್ ಗೆಳತಿಯರನ್ನಷ್ಟೇ ಅಲ್ಲ, ಸಣ್ಣಪುಟ್ಟ ಅಪರಾಧಕ್ಕೆ ಒಳಗೆ ಬಂದ ಜರ್ಮನ್ ಹೆಂಗಸರನ್ನೂ ಅವರು ಕಣ್ಣಿಟ್ಟು ನೋಡಿದರು. ವಿದ್ಯಾವಂತೆ ಎಂಬ ಗತ್ತಿನಿಂದ ದೂರ ನಿಲ್ಲಲಿಲ್ಲ. ಅವರ ಬರವಣಿಗೆಯಲ್ಲಿ ಸಿಟ್ಟು ಉರಿಯುತ್ತದೆ, ಜೊತೆಗೇ ನಗುವೂ ಬರುತ್ತದೆ. ಕಾವಲುಗಾರ್ತಿಯರ ಠೀವಿಯನ್ನು, ತಮ್ಮದೇ ಚಿಂದಿ ಬಟ್ಟೆಯನ್ನು ಕಂಡು ನಗುವ ಶಕ್ತಿಯನ್ನು ಅವರು ಬಿಟ್ಟುಕೊಡಲಿಲ್ಲ. ನೋಡುವುದು, ನೆನಪಿಡುವುದು, ಮುಂದೆ ಸಾಕ್ಷಿ ಹೇಳಬೇಕೆಂದು ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಕೊಳ್ಳುವುದು, ಇದು ಮ್ಯೂಸಿಯಂನಲ್ಲಿ ದುಡಿದವರ ಅಭ್ಯಾಸ ಎಂದು ನನಗನ್ನಿಸುತ್ತದೆ.

ತೀಯೋಂ ರಾವೆನ್ಸ್‌ಬ್ರೂಕ್‌ನಲ್ಲಿ ಮಾಡಿದ್ದೂ ಇದನ್ನೇ, ಇನ್ನೂ ಮುಂದೆ ಹೋಗಿ. ಶಿಬಿರ ಯಾರ ಲಾಭಕ್ಕೆ ನಡೆಯುತ್ತದೆ, ಒಬ್ಬ ಖೈದಿಯ ದುಡಿಮೆಯಿಂದ ಎಸ್‌ಎಸ್‌ಗೆ ಎಷ್ಟು ಸಿಗುತ್ತದೆ ಎಂಬುದನ್ನು ಲೆಕ್ಕಹಾಕಿ, ಗುಟ್ಟಾಗಿ ಜೊತೆಯ ಹೆಂಗಸರಿಗೆ ವಿವರಿಸಿದರು. ನಮ್ಮನ್ನು ಅರೆಯುತ್ತಿರುವ ಯಂತ್ರ ಹೇಗೆ ನಡೆಯುತ್ತದೆ ಎಂದು ತಿಳಿದರೆ ಅದರ ಮುಂದೆ ಕುಗ್ಗುವುದು ಕಡಿಮೆಯಾಗುತ್ತದೆ ಎಂದು ಅವರು ನಂಬಿದ್ದರು. 1944ರಲ್ಲಿ ಒಂದು ಪೆಟ್ಟಿಗೆಯಲ್ಲಿ ಅಡಗಿ ಕೂತು, ಶಿಬಿರದ ಬದುಕನ್ನೇ ಹಾಸ್ಯ ಮಾಡುವ ಒಂದು ಸಂಗೀತ ನಾಟಕ ಬರೆದರು. ಅವರು ಅಡಗಿ ಬರೆಯಲು ಸಾಧ್ಯವಾದದ್ದು ಗೆಳತಿಯರು ಮರೆ ಮಾಡಿ ಕಾದದ್ದರಿಂದ.

ಕೊನೆಯ ತಿಂಗಳುಗಳಲ್ಲಿ ಎಲ್ಲಿದ್ದೀರಿ ಅನ್ನುವುದೂ ಬದುಕನ್ನು ತೀರ್ಮಾನಿಸುತ್ತಿತ್ತು. 1945ರ ಜನವರಿ ಕೊನೆಯಲ್ಲಿ ಸೋವಿಯತ್ ಸೈನ್ಯ ಹತ್ತಿರ ಬರುತ್ತಿದ್ದಂತೆ ಪೂರ್ವದ ಸೋನೆನ್‌ಬುರ್ಗ್ ಜೈಲಿನಲ್ಲಿ ಒಂದೇ ರಾತ್ರಿ 800ಕ್ಕೂ ಹೆಚ್ಚು ಖೈದಿಗಳನ್ನು ಗುಂಡಿಕ್ಕಿ ಕೊಂದರು. ಆನ್ಯೆಸ್ ಅವರನ್ನು ಅಷ್ಟರಲ್ಲಿ ಬೇರೆ ಬೇರೆ ಕಡೆ ಸಾಗಿಸಿ, ಕೊನೆಗೆ ನಡು ಜರ್ಮನಿಯ ವಾನ್‌ಫ್ರೀಡ್ ಎಂಬ ಸಣ್ಣ ಊರಿಗೆ ತಂದಿದ್ದರು. ಅಮೆರಿಕದ ಸೈನ್ಯ ಸಾಗುತ್ತಿದ್ದ ದಾರಿ ಅದು. 1945ರ ಏಪ್ರಿಲ್‌ನಲ್ಲಿ ಅಲ್ಲಿ ಬಿಡುಗಡೆಯಾಯಿತು.

ಬಿಡುಗಡೆಯಾದೊಡನೆ ಅವರು ರೈಲು ಹುಡುಕಿಕೊಂಡು ಓಡಲಿಲ್ಲ. ಅಲ್ಲೇ ಉಳಿದು ಅಮೆರಿಕನ್ನರ ಜೊತೆ ಕೆಲಸಕ್ಕೆ ಇಳಿದರು. ಬೀದಿಪಾಲಾದವರಿಗೆ ಊಟದ ವ್ಯವಸ್ಥೆ ಮಾಡಿದರು, ಗಾಯಾಳುಗಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಿದರು. ಊರಿನ ನಾಜಿಗಳನ್ನು ಪತ್ತೆ ಮಾಡುವುದರಲ್ಲೂ ಕೈಜೋಡಿಸಿದರು. ಅವರ ಊಟದ ಸಾಲಿನಲ್ಲಿ ಜರ್ಮನ್ ನಿರಾಶ್ರಿತರೂ ನಿಂತರು. ಸುಟ್ಟ ಕೈಯಲ್ಲೇ ಅವರಿಗೂ ಬಡಿಸಿದ ಆ ಹೆಂಗಸಿನ ಬಗ್ಗೆ ನನಗೆ ಇರುವ ಗೌರವಕ್ಕೆ ಈ ಕೆಲವು ವಾರಗಳೂ ದೊಡ್ಡ ಕಾರಣ.

ಕಾನೂನು ಆಗ ಎಲ್ಲಿತ್ತು

ಖೈದಿಗೆ ಕೆಲಸ ಕೊಡುವುದು ಎಲ್ಲ ದೇಶದಲ್ಲೂ ಇದೆ, ಹಾಗಾದರೆ ಇದನ್ನು ಬಲವಂತದ ದುಡಿಮೆ ಅನ್ನುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1930ರಲ್ಲೇ ಇದಕ್ಕೆ ಉತ್ತರ ಬರೆದಿಟ್ಟಿತ್ತು. ಅದರ 29ನೇ ಒಡಂಬಡಿಕೆ ಹೇಳುವುದು ಹೀಗೆ: ನ್ಯಾಯಾಲಯ ಶಿಕ್ಷೆ ಕೊಟ್ಟ ಖೈದಿಯಿಂದ ಕೆಲಸ ಮಾಡಿಸುವುದು ಬಲವಂತದ ದುಡಿಮೆ ಎನಿಸುವುದಿಲ್ಲ, ಆದರೆ ಕೆಲಸ ಸರ್ಕಾರಿ ಅಧಿಕಾರಿಗಳ ಹಿಡಿತದಲ್ಲೇ ನಡೆಯಬೇಕು, ಖೈದಿಯನ್ನು ಖಾಸಗಿ ವ್ಯಕ್ತಿಗೆ ಅಥವಾ ಕಂಪನಿಗೆ ಬಾಡಿಗೆಗೆ ಕೊಡಬಾರದು. ಫ್ರಿಕ್ಸ್ ಖಾಸಗಿ ಕಂಪನಿ. ಆದರೆ ಹಿಟ್ಲರನ ಜರ್ಮನಿ ಆ ಸಂಘಟನೆಯಿಂದಲೇ ಹೊರಬಿದ್ದಿತ್ತು. ಭಾರತ ಈ ಒಡಂಬಡಿಕೆಯನ್ನು ಒಪ್ಪಿದ್ದು 1954ರಲ್ಲಿ.

ಯುದ್ಧದ ನಿಯಮಗಳಲ್ಲೂ ಒಂದು ದೊಡ್ಡ ತೂತಿತ್ತು. 1929ರ ಜಿನೀವಾ ಒಡಂಬಡಿಕೆ ಸೆರೆಸಿಕ್ಕ ಸೈನಿಕರಿಗೆ ರಕ್ಷಣೆ ಕೊಡುತ್ತಿತ್ತು. ಸಮವಸ್ತ್ರವಿಲ್ಲದೆ ಪತ್ರಿಕೆ ಟೈಪ್ ಮಾಡಿದ ಹೆಂಗಸು ಅದರೊಳಗೆ ಬರುತ್ತಿರಲಿಲ್ಲ. 1949ರಲ್ಲಿ ನಾಗರಿಕರಿಗೆಂದೇ ನಾಲ್ಕನೇ ಜಿನೀವಾ ಒಡಂಬಡಿಕೆ ಬಂತು. ಅದರ 49ನೇ ವಿಧಿ ಆಕ್ರಮಿತ ದೇಶದ ಜನರನ್ನು ಹೊರಗೆ ಸಾಗಿಸುವುದನ್ನು ನಿಷೇಧಿಸುತ್ತದೆ. 76ನೇ ವಿಧಿ ಇನ್ನೂ ನೇರ: ಆಕ್ರಮಿತ ನೆಲದ ಆರೋಪಿಗಳನ್ನು ಆ ದೇಶದಲ್ಲೇ ಇಡಬೇಕು, ಶಿಕ್ಷೆಯಾದರೆ ಅದನ್ನೂ ಅಲ್ಲೇ ಅನುಭವಿಸಬೇಕು. ಆನ್ಯೆಸ್ ಅವರನ್ನು ಆನ್ರಾತ್‌ಗೆ ಸಾಗಿಸಿದಂಥ ಕೆಲಸ ಇವತ್ತು ಈ ವಿಧಿಯ ಉಲ್ಲಂಘನೆ.

ಆನ್ಯೆಸ್ ಪ್ಯಾರಿಸ್ಸಿಗೆ ಮರಳಿ, ತಡಮಾಡದೆ ಬರೆಯಲು ಕೂತರು. 1946ರಲ್ಲಿ 'ನೋತ್ರ್ ಗೇರ್' ಎಂಬ ಹೆಸರಿನಲ್ಲಿ ಪುಸ್ತಕ ಬಂತು. ನಮ್ಮ ಯುದ್ಧ ಎಂದು ಅರ್ಥ. ಅದನ್ನು ಓದುವವರು ಒಂದು ವಿಷಯ ತಿಳಿದಿರಬೇಕು. ಬಂಧನದವರೆಗಿನ ಭಾಗ ಆಗಿನ ದಿನಚರಿ. ಜೈಲಿನಿಂದ ಮುಂದಿನದು ನೆನಪಿನಿಂದ ಬರೆದದ್ದು, ಒಳಗೆ ದಿನಚರಿ ಇಡಲು ಎಲ್ಲಿ ಸಾಧ್ಯ? ಪುಸ್ತಕ ಬಹಳ ವರ್ಷ ಮರೆವಿಗೆ ಸಂದಿತ್ತು. ಫ್ರಾನ್ಸಿನಲ್ಲಿ ಮತ್ತೆ ಅಚ್ಚಾದದ್ದು 2004ರಲ್ಲಿ, ಇಂಗ್ಲಿಷಿಗೆ ಬಂದದ್ದು 2008ರಲ್ಲಿ. ಮರೆವು ಅವರೊಬ್ಬರ ಪಾಲಿನದಲ್ಲ. ದ ಗಾಲ್ ಪ್ರತಿರೋಧದ ವೀರರಿಗೆಂದು ಸ್ಥಾಪಿಸಿದ ಅತ್ಯುನ್ನತ ಗೌರವವನ್ನು ಪಡೆದ 1,038 ವ್ಯಕ್ತಿಗಳಲ್ಲಿ ಹೆಂಗಸರು ಆರೇ ಜನ. ತೀಯೋಂ ಅವರನ್ನು ಪ್ಯಾರಿಸ್ಸಿನ ಪಾಂತಿಯೋನ್ ಸ್ಮಾರಕದಲ್ಲಿ ಗೌರವಿಸಿದ್ದು 2015ರಲ್ಲಿ.

ಆನ್ಯೆಸ್ ಅವರಿಗೆ 1949ರಲ್ಲಿ ಕ್ರುವಾ ದ ಗೇರ್ ಪದಕ ಸಿಕ್ಕಿತು. ಹಳೆಯ ಗೆಳೆಯ ಕಸೂ ಮುಖ್ಯಸ್ಥರಾಗಿದ್ದ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಕೆಲಸ ಮಾಡಿದರು, ಕಲೆಯ ಬಗ್ಗೆ ಬರೆದರು. 1963ರ ಸೆಪ್ಟೆಂಬರ್ 19ರಂದು ತೀರಿಕೊಂಡರು.

ಬಲವಂತವಾಗಿ ದುಡಿದವರಿಗೆ ಪರಿಹಾರ ಕೊಡಲು ಜರ್ಮನ್ ಸರ್ಕಾರ ಮತ್ತು ಉದ್ಯಮಗಳು ಸೇರಿ ನಿಧಿ ಸ್ಥಾಪಿಸಿದ್ದು 2000ದಲ್ಲಿ. ಮೊತ್ತ 1,000 ಕೋಟಿ ಡಾಯ್ಚ್ ಮಾರ್ಕ್, ಇಬ್ಬರದೂ ಅರ್ಧರ್ಧ ಪಾಲು. 2007ರವರೆಗೆ ಸುಮಾರು 16.6 ಲಕ್ಷ ಜನರಿಗೆ ಹಣ ಮುಟ್ಟಿತು. 1999ರ ಫೆಬ್ರವರಿ 15ರ ಒಳಗೆ ತೀರಿಕೊಂಡವರ ಪರವಾಗಿ ಅವರ ಮನೆಯವರು ಅರ್ಜಿ ಹಾಕಲು ಅದರಲ್ಲಿ ಅವಕಾಶ ಇರಲಿಲ್ಲ.